ಹತ್ತಿರದವನು ಯಾಕೆ ಕಾಯಬೇಕು?

ಮನೆಯ ಅಟ್ಟದ ಮೇಲೆ ಹಳೇ ಕಂಪ್ಯೂಟರ್ ಬಿದ್ದಿದ್ದರೆ ಅದರ ಮದರ್‌ಬೋರ್ಡ್ ಬಿಚ್ಚಿ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಹಸಿರು ಹಲಗೆಯ ಮೇಲೆ ತಾಮ್ರದ ಸಣ್ಣ ಸಣ್ಣ ಗೆರೆ ಕಾಣುತ್ತವೆ. ಅವು ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ದಾರಿಗಳು. ಬಹುತೇಕ ಗೆರೆಗಳು ನೆಟ್ಟಗೆ ಹೋಗುತ್ತವೆ. ಕೆಲವು ಮಾತ್ರ, ಮುಂದೆ ಬೇಕಾದಷ್ಟು ಜಾಗ ಇದ್ದರೂ, ಹಾವಿನ ಹಾಗೆ ಅತ್ತ ಇತ್ತ ಬಳುಕಿ, ಸುತ್ತಿ ಬಳಸಿ ಕೊನೆಗೆ ಎರಡೇ ಇಂಚು ದೂರದ ಚಿಪ್ಪಿಗೆ ಸೇರುತ್ತವೆ. ಮೊದಲ ಸಲ ನೋಡಿದವರಿಗೆ ಇದು ಡಿಸೈನ್ ಮಾಡಿದವನ ಸೋಮಾರಿತನ ಅಂತಲೋ, ಅಲಂಕಾರ ಅಂತಲೋ ಅನ್ನಿಸೀತು. ಎರಡೂ ಅಲ್ಲ. ಹತ್ತಿರ ಇರುವ ಚಿಪ್ಪಿಗೆ ಸಂದೇಶ ಬೇಗ ತಲುಪಬಾರದು ಅಂತಲೇ ಬೇಕುಬೇಕೆಂದು ದಾರಿ ಉದ್ದ ಮಾಡಿರುತ್ತಾರೆ. ದೂರದವನಿಗೂ ಹತ್ತಿರದವನಿಗೂ ಒಂದೇ ಹೊತ್ತಿಗೆ ಮುಟ್ಟಲಿ ಅಂತ.

ಈ ಗೆರೆ ಎಳೆಯುವುದೇ ನನ್ನ ಕಸುಬು. ಹದಿನೇಳು ವರ್ಷದಿಂದ ಬೆಂಗಳೂರಲ್ಲಿ ಇದನ್ನೇ ಮಾಡಿಕೊಂಡಿದೀನಿ. ಅದರಲ್ಲೂ ನನ್ನ ಪಾಲಿಗೆ ಬರೋದು ‘ಕ್ಲಾಕ್’ ಹಂಚೋ ಕೆಲಸ. ಊರಲ್ಲಿ ದೊಡ್ಡಪ್ಪ ಒಮ್ಮೆ “ಏನ್ ಕೆಲಸ ತಮ್ಮಾ ನಿಂದು?” ಅಂತ ಕೇಳಿದಾಗ “ಗಡಿಯಾರ ಹಂಚ್ತೀನಿ ದೊಡ್ಡಪ್ಪ” ಅಂದುಬಿಟ್ಟಿದ್ದೆ. “ಎಚ್‌ಎಂಟಿ ಮುಚ್ಚಿ ಹೋತಲ್ಲೋ, ಇನ್ಯಾರದು ಹಂಚ್ತೀಯ?” ಅಂದರು. ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಒಪ್ಪಿದ್ದು 2016ರ ಜನವರಿಯಲ್ಲಿ. ದೊಡ್ಡಪ್ಪನ ಕೈಯಲ್ಲಿ ಈಗಲೂ ಅದೇ ವಾಚಿದೆ, ದಿನಾ ಬೆಳಿಗ್ಗೆ ಕೀ ಕೊಡುತ್ತಾರೆ.

ಇಲ್ಲಿ ಕ್ಲಾಕ್ ಅಂದರೆ ಮುಳ್ಳು ತಿರುಗೋ ಗಡಿಯಾರ ಅಲ್ಲ, ತಾಳ. ಬೋರ್ಡಿನ ಮೇಲೆ ಒಂದು ಸ್ಫಟಿಕದ ಹರಳು ಇರುತ್ತದೆ. ವಿದ್ಯುತ್ ಕೊಟ್ಟರೆ ಸೆಕೆಂಡಿಗೆ ಇಷ್ಟೇ ಸಲ ಅಂತ ಕರಾರುವಾಕ್ಕಾಗಿ ಕಂಪಿಸುತ್ತದೆ. ಕೈಗಡಿಯಾರದ ಹರಳಾದರೆ ಸೆಕೆಂಡಿಗೆ 32,768 ಸಲ. ನಾವು ಬಳಸೋ ಬೋರ್ಡುಗಳಲ್ಲಿ ಎರಡೂವರೆ ಕೋಟಿ ಸಲ, ಹತ್ತು ಕೋಟಿ ಸಲ, ಹೀಗೆ. ಭಜನೆಯಲ್ಲಿ ತಾಳದವನು ಒಬ್ಬ ಇದ್ದು, ಹಾಡೋರು, ಹಾರ್ಮೋನಿಯಂನವರು, ದಮ್ಮಡಿಯವರು ಎಲ್ಲ ಅವನ ಏಟಿಗೆ ಹೊಂದಿಕೊಂಡು ಹೋಗ್ತಾರಲ್ಲ, ಹಾಗೆ. ಒಂದು ಏಟಿಗೆ ಒಂದು ಚಿಪ್ಪು ಮಾಹಿತಿ ಮುಂದಿಡುತ್ತದೆ, ಮುಂದಿನ ಏಟಿಗೆ ಇನ್ನೊಂದು ಅದನ್ನು ಎತ್ತಿಕೊಳ್ಳುತ್ತದೆ.

ತೊಂದರೆ ಬರೋದು ದೂರದಿಂದ. ಬೆಳಕು ಬಯಲಲ್ಲಿ ಒಂದು ನ್ಯಾನೋಸೆಕೆಂಡಿಗೆ 30 ಸೆಂಟಿಮೀಟರ್ ಹೋಗುತ್ತದೆ. ನ್ಯಾನೋಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯ ಒಂದು ಭಾಗ. ಬೋರ್ಡಿನ ಒಳಪದರದ ತಾಮ್ರದ ಗೆರೆಯಲ್ಲಿ ಸಂದೇಶದ ವೇಗ ಸುಮಾರು ಅದರ ಅರ್ಧ, 15 ಸೆಂಟಿಮೀಟರ್. ಸೆಕೆಂಡಿಗೆ ಹತ್ತು ಕೋಟಿ ಏಟಿನ ಲೆಕ್ಕದಲ್ಲಿ ಏಟಿಗೂ ಏಟಿಗೂ ನಡುವೆ ಇರೋದು 10 ನ್ಯಾನೋಸೆಕೆಂಡ್. ಒಂದು ಚಿಪ್ಪಿನ ದಾರಿ ಇನ್ನೊಂದರದ್ದಕ್ಕಿಂತ ಒಂದು ಗೇಣು ಉದ್ದ ಆದರೂ ಒಂದೂಕಾಲು ನ್ಯಾನೋಸೆಕೆಂಡ್‌ನಷ್ಟು ತಡ. ಒಬ್ಬ ತಾಳ ಕೇಳಿ ಹಾಡು ಶುರು ಮಾಡಿ ಆಗಿದೆ, ಇನ್ನೊಬ್ಬನಿಗೆ ಇನ್ನೂ ಕೇಳಿಯೇ ಇಲ್ಲ. ಈ ಅಂತರಕ್ಕೆ ನಮ್ಮ ಭಾಷೇಲಿ ‘ಸ್ಕ್ಯೂ’ ಅಂತಾರೆ. ಇದರಲ್ಲಿ ಎರಡು ಬಗೆಯ ಅನಾಹುತ ಇದೆ. ಮಾಹಿತಿ ತಡವಾಗಿ ಬಂದು ಏಟು ತಪ್ಪಿಸಿಕೊಂಡರೆ ಒಂದು. ಅದಕ್ಕೆ ತಾಳವನ್ನೇ ನಿಧಾನ ಮಾಡಿ ಬಚಾವಾಗಬಹುದು. ಇನ್ನೊಂದು, ಮುಂದಿನವನು ಬೇಗ ಓಡಿ, ಹಿಂದಿನವನು ಹಳೇ ಮಾಹಿತಿ ಎತ್ತಿಕೊಳ್ಳುವ ಮುಂಚೆಯೇ ಹೊಸದನ್ನು ಅದರ ಮೇಲೆ ಸುರಿದರೆ. ಇದಕ್ಕೆ ತಾಳ ಎಷ್ಟು ನಿಧಾನ ಮಾಡಿದರೂ ಪರಿಹಾರ ಇಲ್ಲ. ಹೊಸಬರಿಗೆ ಅರ್ಥ ಮಾಡಿಸೋದಕ್ಕೆ ಕಷ್ಟ ಆಗೋದು ಈ ಎರಡನೇದೇ. ಬೇಗ ಬರೋದೂ ಒಂದು ತಪ್ಪು ಅನ್ನೋದು ನಮ್ಮ ತಲೆಗೆ ಸುಲಭಕ್ಕೆ ಹತ್ತೋದಿಲ್ಲ.

ಹಾಗಾಗಿ ಹತ್ತಿರದವನ ದಾರಿಯನ್ನು ಉದ್ದ ಮಾಡ್ತೀವಿ. ಹತ್ತಿರದವನನ್ನು ಕಾಯಿಸ್ತೀವಿ. ಬೋರ್ಡಿನ ಮೇಲೆ ಯಾರೂ ಇದಕ್ಕೆ ತಕರಾರು ಮಾಡೋದಿಲ್ಲ.

ನನ್ನೂರು ತ್ಯಾವಣಿಗೆ. ಅಲ್ಲಿ ಇದೇ ತತ್ವ ಹೇಳಿ ನೋಡಿ.

ತ್ಯಾವಣಿಗೆ ಚನ್ನಗಿರಿ ತಾಲೂಕಿನದು. 1997ಕ್ಕೆ ಮುಂಚೆ ಶಿವಮೊಗ್ಗ ಜಿಲ್ಲೆ, ಆಮೇಲೆ ದಾವಣಗೆರೆ. ನಮ್ಮ ಕಡೆ ಬದುಕು ನಡೆಯೋದು ಭದ್ರಾ ನಾಲೆಯಿಂದ. ಲಕ್ಕವಳ್ಳಿ ಹತ್ತಿರದ ಡ್ಯಾಮಿನಿಂದ ಹೊರಟ ಬಲದಂಡೆ ನಾಲೆ ನೂರು ಕಿಲೋಮೀಟರಿಗೂ ಮಿಕ್ಕಿ ಹರಿದು, ಕವಲಾಗಿ, ಕವಲಿಗೆ ಕವಲಾಗಿ, ಭದ್ರಾವತಿ, ಚನ್ನಗಿರಿ ದಾಟಿ ದಾವಣಗೆರೆ, ಹರಿಹರದ ಕಡೆ ಹೋಗುತ್ತದೆ. ಡ್ಯಾಮಿನ ಮಟ್ಟ 186 ಅಡಿ ಮುಟ್ಟಿತಾ ಇಲ್ಲವಾ ಅನ್ನೋದು ಮಳೆಗಾಲದಲ್ಲಿ ನಮ್ಮ ಕಡೆಯ ಹೋಟೆಲುಗಳಲ್ಲಿ ಕ್ರಿಕೆಟ್ ಸ್ಕೋರಿಗಿಂತ ಮುಖ್ಯ ಸುದ್ದಿ. ಇಡೀ ಅಚ್ಚುಕಟ್ಟು ಒಂದು ಲಕ್ಷ ಹೆಕ್ಟೇರಿಗೂ ಹೆಚ್ಚು. ನೀರು ಯಾವಾಗ ಬಿಡಬೇಕು, ಎಷ್ಟು ದಿನ ಬಿಡಬೇಕು ಅನ್ನೋದನ್ನ ನೀರಾವರಿ ಸಲಹಾ ಸಮಿತಿ, ಕಾಡಾದವರು ಕೂತು ತೀರ್ಮಾನ ಮಾಡ್ತಾರೆ. ನೀರು ಕಮ್ಮಿ ಇದ್ದ ವರ್ಷ ‘ಆನ್ ಆಂಡ್ ಆಫ್’. ಇಷ್ಟು ದಿನ ಬಿಡೋದು, ಇಷ್ಟು ದಿನ ಬಂದ್. ಮಳೆ ಕೈಕೊಟ್ಟ 2023ರಲ್ಲಿ ಇದೇ ವಿಷಯಕ್ಕೆ ದಾವಣಗೆರೆ ಕಡೆಯ ರೈತರು ಬೀದಿಗಿಳಿದಿದ್ದು ಓದುಗರಿಗೆ ನೆನಪಿರಬಹುದು. ಭತ್ತ ನಾಟಿ ಆಗಿ ನಿಂತಿದ್ದಾಗ ನೀರಿನ ವೇಳಾಪಟ್ಟಿ ಬದಲಾದರೆ ಕೊನೇ ಭಾಗದವರ ಹೊಟ್ಟೆ ಉರಿಯದೆ ಇರುತ್ತದಾ?

ಗಮನಿಸಿ, ಆನ್, ಆಫ್. ಒಂದು, ಸೊನ್ನೆ. ಬಹಳ ನಿಧಾನದ ಕ್ಲಾಕ್ ಅದು, ವರ್ಷಕ್ಕೆ ಕೆಲವೇ ಏಟು. ಹಂಚೋ ಮರವೂ ಅದೇ ಥರದ್ದು: ಒಂದು ಮೂಲ, ಕವಲು, ಉಪಕವಲು, ಕೊನೆಗೆ ಒಂದೊಂದು ಗದ್ದೆಯ ತೂಬು. ವ್ಯತ್ಯಾಸ ಇಷ್ಟೇ, ಇಲ್ಲಿ ಹತ್ತಿರದವನ ದಾರಿಯನ್ನು ಬಳುಕಿಸುವ ಅಧಿಕಾರ ಯಾವ ಇಂಜಿನಿಯರಿಗೂ ಇಲ್ಲ.

ತ್ಯಾವಣಿಗೆ ಇದರಲ್ಲಿ ನಡುವಿನ ಊರು. ಮೇಲಿನವರು ನೀರು ನುಂಗ್ತಾರೆ ಅಂತ ನಾವು ಬೈತೀವಿ. ನಾವು ನುಂಗ್ತೀವಿ ಅಂತ ನಮ್ಮ ಕೆಳಗಿನವರು ಬೈತಾರೆ. ಎರಡೂ ನಿಜ. ಊರಿನ ಒಂದೇ ಕಾಲುವೆಯ ಒಳಗೂ ಈ ಮೇಲು ಕೆಳಗು ಇದೆ. ನಮ್ಮ ದೊಡ್ಡಪ್ಪನ ಗದ್ದೆ ಅಂಥ ಒಂದು ಕಾಲುವೆಯ ತಲೆಯಲ್ಲಿದೆ, ಮೂರನೇ ತೂಬು. ಸೋದರತ್ತೆಯನ್ನು ಕೊಟ್ಟಿದ್ದು ಊರೊಳಗೇ. ಅವರ ಎರಡು ಎಕರೆ ಅದೇ ಕಾಲುವೆಯ ಕೊನೆಯಲ್ಲಿದೆ. ಮಾವ ತೀರಿಕೊಂಡ ಮೇಲೆ ಅತ್ತೆಯೇ ಸಾಗುವಳಿ ನೋಡಿಕೊಳ್ತಾರೆ. ಒಂದು ಬೇಸಿಗೆ ಬೆಳೆಗೆ ಎರಡು ಸರದಿ ನೀರು ಅತ್ತೆಯ ಗದ್ದೆಗೆ ಸರಿಯಾಗಿ ಮುಟ್ಟಲಿಲ್ಲ, ತೆನೆ ಕಟ್ಟೋ ಹೊತ್ತಿಗೆ ಭತ್ತ ಜೊಳ್ಳಾಯಿತು. ಅಣ್ಣ ತಂಗಿ ಮಾತು ಬಿಟ್ಟರು. ಹಬ್ಬಕ್ಕೆ ಹೋದಾಗ ನನ್ನ ಮುಂದೆಯೇ ಪಂಚಾಯ್ತಿ ಬಂತು. “ನೀನು ಓದಿದೋನು, ಹೇಳು, ರಾತ್ರಿ ನೀರು ಕೆಳಗಿನವರಿಗೆ ಬಿಡಬೇಕು ಅಂತಾರೆ. ನಾನ್ಯಾಕೆ ಬಿಡಬೇಕು?” ಅಂದರು ದೊಡ್ಡಪ್ಪ.

ಅವರ ವಾದವನ್ನು ಹಗುರ ಮಾಡಿ ಹೇಳಬಾರದು. ಅದರಲ್ಲಿ ಕಸುವಿದೆ. ಒಂದು, “ನಾನೇನು ಕದ್ದಿಲ್ಲ. ತೂಬು ಸರ್ಕಾರ ಇಟ್ಟಿದ್ದು, ನೀರು ನನ್ನ ಗದ್ದೆ ಮುಂದೇ ಹೋಗ್ತೈತೆ.” ಹತ್ತಿರ ಇರೋದು ಅವರು ಮಾಡಿದ ಪಾಪ ಅಲ್ಲ. ಎರಡು, ಆ ಮೇಲಿನ ನೆಲ ಬರೀ ಕಲ್ಲು. ನಾಲೆ ಬಂದ ಹೊಸದರಲ್ಲಿ ತಾತ ಎತ್ತು ಕಟ್ಟಿ ವರ್ಷಗಟ್ಟಲೆ ಕಲ್ಲು ಆರಿಸಿ ಮಡಿ ಮಾಡಿದ್ದು. ಕೊನೆಯ ನೆಲ ಮೊದಲೇ ಎರೆ, ಹದವಾದದ್ದು. ಒಬ್ಬರಿಗೆ ಮಣ್ಣು ಸಿಕ್ಕಿತು, ಒಬ್ಬರಿಗೆ ಜಾಗ ಸಿಕ್ಕಿತು, ಬರೀ ನೀರು ಸರಿಸಮ ಮಾಡೋದಾದರೆ ಮಣ್ಣನ್ನೂ ಸಮ ಮಾಡ್ತೀರಾ? ಮೂರನೇದೇ ನಿಜವಾದ ಏಟು: “ನಾನು ಬಿಟ್ಟ ನೀರು ತಂಗಿ ಗದ್ದೆಗೇ ಹೋಗ್ತೈತೆ ಅಂತ ಗ್ಯಾರಂಟಿ ಯಾರು ಕೊಡ್ತಾರೆ? ನಡುವೆ ಹನ್ನೊಂದು ತೂಬು ಅದಾವೆ, ಮೋಟ್ರು ಅದಾವೆ. ನಾನು ಬಿಟ್ಟಿದ್ದನ್ನ ನಾಲ್ಕನೇ ತೂಬಿನೋನು ಕುಡೀತಾನೆ. ಅವನು ಕುಡಿಯೋ ಬದಲು ನಾನೇ ಕುಡಿದ್ರೆ ಏನು ತಪ್ಪು?”

ಅತ್ತೆ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡರು. “ಮಗಾ, ನಂಗೆ ತಡ ಆಗಿ ಬಂದ್ರೆ ಬೇಜಾರಿಲ್ಲ. ನಾನು ಕೊನೇಲಿರೋಳು, ತಡ ಆಗೋದು ಗೊತ್ತು. ಬರೋದೇ ಇಲ್ವಲ್ಲ” ಅಂದರು, ಅಷ್ಟೇ.

ನನ್ನ ಕಸುಬಿನ ಕಣ್ಣಲ್ಲಿ ನೋಡಿದರೆ ಇಡೀ ಜಗಳದ ಕೀಲು ಅತ್ತೆಯ ಆ ಮಾತಲ್ಲೇ ಇದೆ. ತಡ ಬೇರೆ, ಕಡಿಮೆ ಬೇರೆ. ನಾವು ಇವೆರಡನ್ನೂ ಕಲಸಿ ‘ಕೊನೇ ಭಾಗದ ಸಮಸ್ಯೆ’ ಅಂತ ಒಂದೇ ಹೆಸರಿಡ್ತೀವಿ. ಲೆಕ್ಕಕ್ಕೆ ಮಾತ್ರ ಹೀಗೆ ಅಂದುಕೊಳ್ಳಿ: 12 ದಿನ ನೀರು, 8 ದಿನ ಬಂದ್, ನೀರು ಕೊನೆ ಮುಟ್ಟೋದಕ್ಕೆ 4 ದಿನ. ಕಾಗದದ ಮೇಲೆ ಕೊನೆಯವನಿಗೇನೂ ಮೋಸ ಇಲ್ಲ. ನಾಲ್ಕು ದಿನ ತಡವಾಗಿ ಶುರು, ನಾಲ್ಕು ದಿನ ತಡವಾಗಿ ಮುಗಿಯುತ್ತದೆ, ಒಟ್ಟು ಅದೇ 12. ಆದರೆ ನೆಲದ ಮೇಲೆ ನಡೆಯೋದು ಬೇರೆ. ಒಣಗಿದ ನಾಲೆ ಮೊದಲು ತಾನೇ ಕುಡಿಯುತ್ತದೆ. ಅಲ್ಲಿ ಗೇಟು ಇಳಿಸಿದ ಸುದ್ದಿ ಫೋನಿನಲ್ಲಿ ಮೇಲಿನವರಿಗೆ ತಕ್ಷಣ ಮುಟ್ಟುತ್ತದೆ, ದಾರಿಯಲ್ಲಿರೋ ನೀರನ್ನ ಎಲ್ಲರೂ ತಮ್ಮ ಕಡೆ ಎಳೆದುಕೊಳ್ಳೋಕೆ ಶುರು ಮಾಡ್ತಾರೆ. ಕೊನೆಯವನ ಕೊನೇ ನಾಲ್ಕು ದಿನ ಗಾಳಿಗೆ. ತಡವಾಗಿ ಬರಬೇಕಿದ್ದದ್ದು ಬರದೇ ಹೋಯಿತು. ತಡ ಅನ್ನೋದು ಭೂಗೋಳ, ಅದಕ್ಕೆ ಯಾರೂ ಹೊಣೆ ಅಲ್ಲ. ಆದರೆ ಆ ತಡವನ್ನು ಬಳಸಿಕೊಂಡು ಪಾಲು ಕಡಿಮೆ ಮಾಡೋದು ಮನುಷ್ಯರ ಕೆಲಸ.

ಬೋರ್ಡಿನ ಮೇಲೂ ಹೀಗೇ ಆಗ್ತದೆ ಅನ್ನೋದನ್ನ ಇಲ್ಲಿ ಹೇಳಬೇಕು. ಒಂದೇ ಗೆರೆಯನ್ನು ಸಾಲಾಗಿ ಹತ್ತು ಚಿಪ್ಪಿಗೆ ಪೋಣಿಸಿದರೆ ಪ್ರತಿ ಚಿಪ್ಪೂ ತನ್ನ ಕಾಲಿನಲ್ಲಿ ಒಂದಿಷ್ಟು ವಿದ್ಯುತ್ತನ್ನು ಹೀರುತ್ತದೆ, ಜೊತೆಗೆ ಒಂದಿಷ್ಟನ್ನು ಹಿಂದಕ್ಕೆ ಒದೆಯುತ್ತದೆ, ಗೋಡೆಗೆ ಬಡಿದ ಅಲೆ ತಿರುಗಿ ಬರೋ ಹಾಗೆ. ಕೊನೆಯ ಚಿಪ್ಪಿಗೆ ಮುಟ್ಟೋ ಹೊತ್ತಿಗೆ ಚೂಪಾಗಿದ್ದ ಏಟು ಮೊಂಡಾಗಿ, ಕದಡಿ, ಒಂದು ಏಟು ಎರಡು ಏಟಿನ ಹಾಗೆ ಕೇಳಿಸಬಹುದು. ಅದಕ್ಕೇ ನಾವು ಹಾಗೆ ಪೋಣಿಸೋದಿಲ್ಲ. ನಡುವೆ ‘ಕ್ಲಾಕ್ ಬಫರ್’ ಅಂತ ಒಂದು ಚಿಪ್ಪು ಇಡ್ತೀವಿ. ಅದಕ್ಕೆ ಒಂದು ಏಟು ಕೊಟ್ಟರೆ ನಾಲ್ಕೋ ಎಂಟೋ ಹತ್ತೋ ಹೊಸ ಏಟು, ಎಲ್ಲ ಒಂದೇ ಹೊತ್ತಿಗೆ, ಎಲ್ಲ ಅಷ್ಟೇ ಚೂಪಾಗಿ ಹೊರಡಿಸುತ್ತದೆ. ಪ್ರತಿ ಚಿಪ್ಪಿಗೂ ಅದರದ್ದೇ ಖಾಸಾ ದಾರಿ, ದಾರಿಯ ಬಾಯಲ್ಲಿ 33 ಓಮ್‌ನಂಥ ಒಂದು ಸಣ್ಣ ತಡೆ, ಅಲೆ ತಿರುಗಿ ಬಂದರೂ ಅಲ್ಲೇ ಅಡಗಲಿ ಅಂತ. ನಡುದಾರಿಯಲ್ಲಿ ಕುಡಿಯೋರು ಯಾರೂ ಇಲ್ಲ.

ಅಂದರೆ ದೊಡ್ಡಪ್ಪನ ಮೂರನೇ ವಾದಕ್ಕೆ ನನ್ನ ಬೋರ್ಡಿನಲ್ಲಿ ಜಾಗವೇ ಇಲ್ಲ. ಅಲ್ಲಿ ಒಬ್ಬ ಕಾದರೆ ಅದರ ಫಲ ಮುಟ್ಟಬೇಕಾದವನಿಗೇ ಮುಟ್ಟುತ್ತದೆ. ಜೊತೆಗೆ ಇನ್ನೊಂದು ದೊಡ್ಡ ಅನುಕೂಲ ಇದೆ: ತಾಳವನ್ನ ನಕಲು ಮಾಡಬಹುದು, ನೀರನ್ನ ಮಾಡೋಕಾಗೋಲ್ಲ. ಬಫರ್ ಒಂದನ್ನು ಹತ್ತು ಮಾಡುವಾಗ ಯಾರ ಪಾಲೂ ಕರಗೋದಿಲ್ಲ. ಕಾಯುವ ಚಿಪ್ಪು ಕಳಕೊಳ್ಳೋದು ಒಂದೆರಡು ನ್ಯಾನೋಸೆಕೆಂಡ್ ಅಷ್ಟೇ, ಅನ್ನ ಅಲ್ಲ. ಹಾಗಿದ್ದ ಮೇಲೆ ಬೋರ್ಡಿನ ನ್ಯಾಯ ತಂದು ನಾಲೆಗೆ ಹೇಳೋದು ಬಾಯಿಗೆ ಹಗುರ, ಅಷ್ಟೇ. ಇದು ನನಗೆ ಗೊತ್ತಿದ್ದರಿಂದ ಅವತ್ತು ‘ನೋಡಿ ದೊಡ್ಡಪ್ಪ, ನಾವು ಬೋರ್ಡಿನಲ್ಲಿ ಏನು ಮಾಡ್ತೀವಿ ಅಂದ್ರೆ’ ಅಂತ ಉಪದೇಶಕ್ಕೆ ಇಳಿಯಲಿಲ್ಲ.

ಓದಿದವರು ಇಂಥ ಕಡೆ ಜಾನ್ ರಾಲ್ಸ್ ಹೆಸರು ತರ್ತಾರೆ. 1971ರ ತನ್ನ ಪುಸ್ತಕದಲ್ಲಿ ಆತ ಹೇಳಿದ್ದನ್ನು ನಮ್ಮ ಮಾತಲ್ಲಿ ಹೇಳೋದಾದರೆ: ನಿನ್ನ ಗದ್ದೆ ಕಾಲುವೆಯ ತಲೆಯಲ್ಲಿದೆಯೋ ಬುಡದಲ್ಲಿದೆಯೋ ನಿನಗೆ ಗೊತ್ತಿಲ್ಲ ಅಂತಿಟ್ಟುಕೋ, ಈಗ ನೀರಿನ ನಿಯಮ ಬರಿ. ಒಳ್ಳೇ ಮಾತು. ಆದರೆ ನಮ್ಮೂರಲ್ಲಿ ಯಾರ ಗದ್ದೆ ಎಲ್ಲಿದೆ ಅಂತ ಮೂರು ತಲೆಮಾರಿಂದ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವನ ಹಾಗೆ ಕೂರು ಅಂದರೆ ದೊಡ್ಡಪ್ಪ ಎಲೆ ಅಡಿಕೆ ಹಾಕ್ಕೊಂಡು ನಕ್ಕುಬಿಡ್ತಾರೆ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಎಲಿನೋರ್ ಆಸ್ಟ್ರಮ್. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ನೇಪಾಳದಲ್ಲಿ ರೈತರೇ ಕಟ್ಟಿ ನಡೆಸುವ ಕಾಲುವೆಗಳನ್ನೂ, ಸರ್ಕಾರ ಕಾಂಕ್ರೀಟು ಹಾಕಿ ನಡೆಸುವ ಕಾಲುವೆಗಳನ್ನೂ ಅವರೂ ಜೊತೆಯವರೂ ಹೋಲಿಸಿ ನೋಡಿದರು. ಕಾಂಕ್ರೀಟಿಲ್ಲದ, ಕಲ್ಲು ಮಣ್ಣು ಕೊಂಬೆಯ ಒಡ್ಡು ಇದ್ದ ಕಡೆ ಕೊನೆಯವರಿಗೆ ನೀರು ಹೆಚ್ಚು ಚೆನ್ನಾಗಿ ಮುಟ್ಟುತ್ತಿತ್ತು! ಕಾರಣ ಸರಳ. ಆ ಒಡ್ಡು ಪ್ರತಿ ಮಳೆಗೂ ಕಿತ್ತು ಹೋಗ್ತದೆ. ಮತ್ತೆ ಕಟ್ಟೋದಕ್ಕೆ ಆಳು ಬೇಕು. ಕೊನೆಯವರು ಬಂದು ಕೈ ಹಾಕದಿದ್ದರೆ ಮೊದಲನೆಯವರಿಗೂ ನೀರಿಲ್ಲ. ಹಾಗಾಗಿ ಅವರನ್ನು ಸಿಟ್ಟು ಮಾಡಿಕೊಳ್ಳೋ ಹಾಗಿಲ್ಲ. ಕಾಂಕ್ರೀಟಿನ ಒಡ್ಡು ಬಂದ ಕಡೆ ಮೊದಲನೆಯವರಿಗೆ ಕೊನೆಯವರ ಹಂಗು ತಪ್ಪಿತು. ಹಂಗು ತಪ್ಪಿದ ಕೂಡಲೇ ನ್ಯಾಯವೂ ಸಡಿಲ ಆಯಿತು.

ಇದನ್ನು ಓದಿದಾಗ ನನ್ನ ಬೋರ್ಡು ನನಗೆ ಬೇರೆ ಥರ ಕಂಡಿತು. ಹತ್ತಿರದ ಚಿಪ್ಪು ಕಾಯೋದಕ್ಕೆ ಒಪ್ಪಿಕೊಳ್ಳೋದು ಅದರ ಒಳ್ಳೇತನದಿಂದ ಅಲ್ಲವಲ್ಲ. ಮೆಮೊರಿ ಸಿದ್ಧ ಇಲ್ಲದೆ ಪ್ರೊಸೆಸರ್ ಒಬ್ಬನೇ ಬೇಗ ತಾಳ ಕೇಳಿ ಏನು ಮಾಡೀತು? ಅದರ ಬಾಳು ಮೆಮೊರಿಯ ಕೈಯಲ್ಲಿದೆ. ಅಲ್ಲಿ ಸಮತೆ ಧರ್ಮದಿಂದ ಹುಟ್ಟಿದ್ದಲ್ಲ, ಪರಸ್ಪರ ಹಂಗಿನಿಂದ ಹುಟ್ಟಿದ್ದು. ನಮ್ಮ ತಾಲೂಕಿನಲ್ಲೇ ಶಾಂತಿಸಾಗರ ಇದೆ, ಎಲ್ಲರ ಬಾಯಲ್ಲಿ ಸೂಳೆಕೆರೆ. ಎಷ್ಟೋ ನೂರು ವರ್ಷದ ಹಳೇ ಕೆರೆ, ಸಿದ್ದ ನಾಲೆ, ಬಸವ ನಾಲೆ ಅಂತ ಎರಡು ನಾಲೆ. ಹಿಂದೆ ಊರ ಕೆರೆಗಳಲ್ಲಿ ಹೂಳು ಎತ್ತೋದಕ್ಕೆ, ಕಾಲುವೆ ಬಳಿಯೋದಕ್ಕೆ ಮನೆಗೊಂದು ಆಳು ಬರಬೇಕಿತ್ತು, ಬಾರದವರಿಗೆ ದಂಡ. ಈಗ ಜೆಸಿಬಿ ಬರುತ್ತದೆ. ಟೆಂಡರು, ಬಿಲ್ಲು. ದೊಡ್ಡಪ್ಪನಿಗೆ ತಂಗಿಯ ಗುದ್ದಲಿ ಬೇಕಾಗಿಲ್ಲ. ಒಳ್ಳೇದೇ ಆಯಿತು ಅನ್ನಿ, ಬೆನ್ನು ಮುರಿಯೋ ಕೆಲಸ ಅದು. ಯಾರೂ ಅದಕ್ಕೆ ವಾಪಸ್ ಹೋಗಲಿ ಅಂತ ನಾನು ಬಯಸೋಲ್ಲ. ಹಳೇ ಕಾಲ ಚೆನ್ನಾಗಿತ್ತು ಅನ್ನೋ ಹಾಡು ನನ್ನದಲ್ಲ. ನೀರಗಂಟಿಯ ಕತೆಯನ್ನೇ ತಗೊಳ್ಳಿ. ತೂಬು ತೆಗೆದು ಮುಚ್ಚಿ, ಸರದಿ ಪ್ರಕಾರ ಗದ್ದೆಗೆ ನೀರು ಹಾಯಿಸೋ ಆ ಕೆಲಸ ಬಹಳ ಊರುಗಳಲ್ಲಿ ದಲಿತರ ಪಾಲಿಗೆ ಬಂದಿತ್ತು. ಸ್ವಂತ ಗದ್ದೆ ಇಲ್ಲದವನಾದ್ದರಿಂದ ನೀರಿನಲ್ಲಿ ಸ್ವಾರ್ಥ ಇಲ್ಲ, ನಿಷ್ಪಕ್ಷಪಾತಿ ಅಂತ ಅದನ್ನು ಹೊಗಳಿ ಬರೆಯೋರಿದ್ದಾರೆ. ಎಲ್ಲರಿಗೂ ನ್ಯಾಯ ಹಂಚಲಿ ಅಂತ ಒಬ್ಬನಿಗೆ ನೆಲವೇ ಇಲ್ಲದ ಹಾಗೆ ಇಟ್ಟದ್ದು ಯಾವ ನ್ಯಾಯ ಅಂತ ಆ ಹೊಗಳಿಕೆಯಲ್ಲಿ ಯಾರೂ ಕೇಳೋದಿಲ್ಲ.

ಹತ್ತಿರದವನನ್ನು ಕಾಯಿಸೋದು ಬಿಟ್ಟು ಬೇರೆ ದಾರಿಯೇ ಇಲ್ಲವಾ? ನನ್ನ ಕಸುಬಿನಲ್ಲಿ ಒಂದು ಬಂದಿದೆ. 2007ರಲ್ಲಿ ಡಿಡಿಆರ್3 ಅನ್ನೋ ಮೆಮೊರಿಯ ಮಾನದಂಡ ಹೊರಬಿತ್ತು. ಅದಕ್ಕೆ ಮುಂಚಿನ ಪೀಳಿಗೆಯಲ್ಲಿ ಮರದ ಕೊಂಬೆಯ ಹಾಗೆ ಸಮನಾಗಿ ಕವಲೊಡೆಸಿ, ಎಲ್ಲ ಮೆಮೊರಿ ಚಿಪ್ಪಿಗೂ ಒಂದೇ ಹೊತ್ತಿಗೆ ತಾಳ ಮುಟ್ಟಿಸೋ ಪ್ರಯತ್ನ ಇತ್ತು. ವೇಗ ಏರಿದಂತೆ ಆ ಕವಲುಗಳಲ್ಲೇ ಅಲೆ ಬಡಿದು ಕದಡೋಕೆ ಶುರುವಾಯಿತು. ಸಮ ಮಾಡೋ ಏರ್ಪಾಡೇ ಸಂದೇಶವನ್ನು ಕೆಡಿಸತೊಡಗಿತು. ಆಗ ಅವರು ಮಾಡಿದ್ದು ಏನು ಗೊತ್ತಾ? ಸಮ ಮಾಡೋದನ್ನೇ ಕೈಬಿಟ್ಟರು. ಒಂದೇ ಗೆರೆ, ನಾಲೆಯ ಹಾಗೆ, ಮೊದಲನೇ ಚಿಪ್ಪು, ಎರಡನೇದು, ಮೂರನೇದು, ಸಾಲಾಗಿ. ಕವಲು ಆದಷ್ಟು ಗಿಡ್ಡ, ಗೆರೆಯ ಕೊನೆಯಲ್ಲಿ ಅಲೆಯನ್ನು ಹೀರಿಕೊಳ್ಳೋ ತಡೆ. ಕೊನೆಯವನಿಗೆ ತಡ ಆಗ್ತದೆ, ಆಗಲಿ. ಆದರೆ ತಾಳ ಮೊಂಡಾಗಬಾರದು, ಅಷ್ಟೇ ಚೂಪಾಗಿ ಮುಟ್ಟಬೇಕು.

ಹಾಗಾದರೆ ತಡವನ್ನ ಏನು ಮಾಡೋದು? ಅದನ್ನು ಹೊರೋ ಭಾರ ಚಿಪ್ಪುಗಳ ಮೇಲಿಂದ ತೆಗೆದು, ಹಂಚುವ ಯಜಮಾನನ ಮೇಲೆ ಹೊರಿಸಿದರು. ಯಂತ್ರ ಶುರುವಾದಾಗ ಯಜಮಾನ, ಅಂದರೆ ಮೆಮೊರಿ ಕಂಟ್ರೋಲರ್, ಒಂದೊಂದೇ ಚಿಪ್ಪನ್ನು ಕೇಳ್ತದೆ: ನಾನು ಈಗ ಕೈ ತಟ್ಟಿದೆ, ಆ ಹೊತ್ತಿಗೆ ನಿನ್ನ ಹತ್ತಿರ ತಾಳ ಬಂದಿತ್ತಾ? ಚಿಪ್ಪು ಇಲ್ಲ ಅನ್ನುತ್ತದೆ, ಸೊನ್ನೆ. ಇನ್ನು ಸ್ವಲ್ಪ ತಡವಾಗಿ ತಟ್ಟುತ್ತದೆ. ಈಗ? ಇಲ್ಲ. ಇನ್ನೂ ಸ್ವಲ್ಪ. ಈಗ? ಹೌದು, ಒಂದು. ಸೊನ್ನೆ ಒಂದಾದ ಆ ಗಳಿಗೆಯನ್ನು ಯಜಮಾನ ಬರೆದಿಟ್ಟುಕೊಳ್ಳುತ್ತದೆ, ಆ ಚಿಪ್ಪಿನ ತಡ ಇಷ್ಟು ಅಂತ. ಆಮೇಲೆ ಪ್ರತಿಯೊಂದಕ್ಕೂ ಅದರದರ ತಡಕ್ಕೆ ಹೊಂದಿಸಿ ಮಾಹಿತಿ ಕಳಿಸುತ್ತದೆ. ಇದಕ್ಕೆ ‘ರೈಟ್ ಲೆವೆಲಿಂಗ್’ ಅಂತ ಹೆಸರು. ಯಜಮಾನ ತನ್ನ ನಕ್ಷೆ ನೋಡಿ ಕೊನೆಯವನಿಗೆ ಇಷ್ಟೊತ್ತಿಗೆ ಮುಟ್ಟಿರಬೇಕು ಅಂತ ಅಂದಾಜು ಮಾಡೋದಿಲ್ಲ. ಕೊನೆಯವನನ್ನೇ ಕೇಳುತ್ತದೆ, ಕೊನೆಯವನು ಹೌದು ಅನ್ನುವ ತನಕ ಒಪ್ಪಿಕೊಳ್ಳೋದಿಲ್ಲ.

ಇದನ್ನೇ ನಾನು ಆ ದಿನ ದೊಡ್ಡಪ್ಪನಿಗೂ ಅತ್ತೆಗೂ ಹೇಳಿದ್ದು. ಚಿಪ್ಪಿನ ಹೆಸರೆತ್ತಲಿಲ್ಲ. ಯಾರೂ ರಾತ್ರಿ ಪೂರ್ತಿ ನೀರು ಬಿಡೋದು ಬೇಡ. ಕೊನೇ ತೂಬಿನಿಂದ ‘ಬಂತು’ ಅನ್ನೋ ಮಾತು ಬರೋ ತನಕ ಮೇಲಿನ ಯಾವ ತೂಬೂ ಎರಡನೇ ಸರದಿ ತೆಗೆಯೋದು ಬೇಡ. ಮೊದಲ ಸರದಿ ಯಾವ ಕ್ರಮದಲ್ಲಾದರೂ ಹೋಗಲಿ. ಲೆಕ್ಕ ಮಾಡೋದು ಬಿಟ್ಟ ದಿನದಿಂದ ಅಲ್ಲ, ಮುಟ್ಟಿದ ದಿನದಿಂದ. ದೊಡ್ಡಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, “ಬಂದ್ರೂ ಬಂದಿಲ್ಲ ಅಂತ ಸುಳ್ಳು ಹೇಳಿದ್ರೆ?” ಅಂದರು. ಅತ್ತೆಗೆ ನೋವಾಯಿತು. ಆದರೆ ಪ್ರಶ್ನೆ ಸರಿಯಾದದ್ದೇ. ಚಿಪ್ಪು ಸುಳ್ಳು ಹೇಳೋದಿಲ್ಲ, ಅದಕ್ಕೆ ಬಾಯಿಲ್ಲ. ಮನುಷ್ಯರ ಕಾಲುವೆಯಲ್ಲಿ ಆ ಮಾತನ್ನು ಹೋಗಿ ನೋಡಿ ಬರೋರು ಬೇಕು. ಭದ್ರಾ ನಾಲೆಯ ಮೇಲೆ ಆ ಕೆಲಸಕ್ಕೆ ಸೌಡಿಗಳು ಇದ್ದಾರೆ. ಮಳೆ ಚಳಿ ಅನ್ನದೆ ಏರಿ ಮೇಲೆ ಓಡಾಡೋ ಈ ಜನರ ಸಂಬಳದ ಗೋಳು ಆಗಾಗ ಪತ್ರಿಕೇಲಿ ಬರುತ್ತಿರುತ್ತದೆ. ಕೈಲೊಂದು ಕೋಲು, ಜೇಬಲ್ಲೊಂದು ಫೋನು. ರಾತ್ರಿ ಹೊತ್ತು ಮೋಟ್ರು ನಿಲ್ಲಿಸು ಅಂದರೆ ಹೊಡೆಯೋಕೆ ಬರೋರಿದ್ದಾರೆ. ಎಲ್ಲರ ನ್ಯಾಯದ ಭಾರ ಆ ಮನುಷ್ಯನ ಮೇಲೆ ಹಾಕಿ, ಅವನ ಸಂಬಳ ಮಾತ್ರ ತಡ ಮಾಡ್ತೀವಿ.

ಆ ಬೇಸಿಗೆ ಒಂದು ಮಟ್ಟಿಗೆ ನಡೆಯಿತು. ಹನ್ನೊಂದು ತೂಬಿನವರಲ್ಲಿ ಏಳು ಜನ ಒಪ್ಪಿದರು, ನಾಲ್ಕು ಜನ ಇಲ್ಲ. ಅತ್ತೆಗೆ ಎರಡು ಸರದಿ ಪೂರ್ತಿ, ಒಂದು ಅರ್ಧ ಸಿಕ್ಕಿತು. ಅಣ್ಣ ತಂಗಿ ಮತ್ತೆ ಮಾತಾಡ್ತಾರೆ, ನೀರಿನ ವಿಷಯ ಒಂದು ಬಿಟ್ಟು.

ಈಗ ಎದುರಿಗಿರೋ ಕಷ್ಟ ಬೇರೆ. ಭದ್ರಾ ಯೋಜನೆ ಮಾಡುವಾಗ ಇಡೀ ಅಚ್ಚುಕಟ್ಟಿಗೆ ಭತ್ತ ಅಂತ ಇರಲಿಲ್ಲ, ಬಹಳಷ್ಟು ನೆಲಕ್ಕೆ ಕಡಿಮೆ ನೀರಿನ ಬೆಳೆ ಅಂತಲೇ ಗೊತ್ತುಮಾಡಿದ್ದರು. ಅದು ಕಾಗದದಲ್ಲೇ ಉಳಿಯಿತು, ನೀರು ಕಂಡ ಕಡೆ ಎಲ್ಲ ಭತ್ತ ಬಂತು. ಈಗ ಭತ್ತದ ಗದ್ದೆಗಳೂ ಒಂದೊಂದೇ ಅಡಿಕೆ ತೋಟ ಆಗ್ತಿವೆ. ಚನ್ನಗಿರಿ ಅಂದರೆ ಅಡಿಕೆ ಅನ್ನೋ ಹಾಗಾಗಿದೆ. ರೇಟು ಚೆನ್ನಾಗಿದೆ, ಆಳಿನ ಗೋಳು ಕಡಿಮೆ, ಯಾರನ್ನೂ ದೂರೋ ಹಾಗಿಲ್ಲ. ಆದರೆ ಲೆಕ್ಕ ಪೂರ್ತಿ ಬದಲಾಗಿಬಿಡುತ್ತದೆ. ಭತ್ತದವನಿಗೆ ಈ ಬೇಸಿಗೆ ಬೆಳೆ ಬೇಡ, ಕಾಯಿ ಅಂತ ಹೇಳಬಹುದು. ಒಂದು ಬೆಳೆ ಹೋಗುತ್ತದೆ, ನೆಲ ಇರುತ್ತದೆ. ಅಡಿಕೆಯವನಿಗೆ ಕಾಯಿ ಅಂದರೆ ಹತ್ತು ವರ್ಷ ಸಾಕಿದ ಮರ ಒಣಗುತ್ತದೆ. ಕಾಲುವೆಯ ತಲೆಯಲ್ಲಿ ಇದ್ದವನು ಅಡಿಕೆ ನೆಟ್ಟ ದಿನವೇ, ಯಾರ ಹತ್ತಿರವೂ ಮಾತಾಡದೆ, ಇನ್ನು ಮುಂದೆ ತನಗೆ ಕಾಯೋಕೆ ಆಗೋದಿಲ್ಲ ಅನ್ನೋದನ್ನ ತೀರ್ಮಾನ ಮಾಡಿಬಿಟ್ಟ ಹಾಗೆ. ಆಮೇಲೆ ಅವನು ಬಂದು ಹೇಳೋದು ಹಕ್ಕಿನ ಮಾತಲ್ಲ, ಸಂಕಟದ ಮಾತು: ಮರ ಸಾಯ್ತಾವೆ ಕಣ್ರೀ. ಮರ ಸಾಯೋದು ನಿಜ. ಸಂಕಟವೂ ನಿಜ. ಆದರೆ ಆ ಸಂಕಟವನ್ನು ನೆಟ್ಟದ್ದು ಯಾರು, ಅದರ ಬೆಲೆಯನ್ನು ಕೊನೇ ತೂಬಿನವರು ಯಾಕೆ ಕಟ್ಟಬೇಕು ಅನ್ನೋ ಪ್ರಶ್ನೆಗೆ ನನ್ನ ಬೋರ್ಡುಗಳಲ್ಲಿ ಯಾವ ಉತ್ತರವೂ ಸಿಕ್ಕಿಲ್ಲ. ಅಲ್ಲಿ ಯಾವ ಚಿಪ್ಪೂ ತನ್ನ ಹಸಿವನ್ನು ತಾನೇ ಹೆಚ್ಚು ಮಾಡಿಕೊಳ್ಳೋದಿಲ್ಲ.

ಹೋದ ದೀಪಾವಳಿಗೆ ಹೋದಾಗ ದೊಡ್ಡಪ್ಪನ ಗದ್ದೆಯ ಕಡೆ ನಡಕೊಂಡು ಹೋಗಿದ್ದೆ. ಮೇಲಿನ ಮೂರು ಮಡಿಯಲ್ಲಿ ಬಾಳೆ ಎದ್ದಿದೆ, ಬಾಳೆಯ ನೆರಳಲ್ಲಿ ಮೊಣಕಾಲೆತ್ತರದ ಅಡಿಕೆ ಸಸಿಗಳು. ನಮ್ಮಣ್ಣ, ದೊಡ್ಡಪ್ಪನ ಮಗ, ಹಾಕಿಸಿದ್ದು. ನಾನು ಏನೂ ಕೇಳಿರಲಿಲ್ಲ. “ಹುಡುಗ್ರು ಕೇಳ್ಬೇಕಲ್ಲ ತಮ್ಮಾ. ಭತ್ತ ಬೆಳೆದ್ರೆ ಹೆಣ್ಣು ಕೊಡಲ್ಲ ಅಂತಾರೆ” ಅಂದರು ದೊಡ್ಡಪ್ಪ. ಸಸಿಯ ಬುಡಕ್ಕೆ ಡ್ರಿಪ್ ಪೈಪು ಎಳೆದಿದ್ದಾರೆ, ಬೋರು ಕೊರೆಸೋ ಮಾತೂ ಇದೆ. ಬೋರಲ್ಲಿ ನೀರು ಬಿದ್ದರೆ ನಾಲೆ ನೀರಿನ ಗೊಡವೆ ತನಗೆ ಬೇಡ, ಪೂರ್ತಿ ತಂಗಿಗೇ ಬಿಡ್ತೀನಿ ಅಂದರು. ಬೀಳದಿದ್ದರೆ ಏನು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಪಾಯಿಂಟ್ ನೋಡೋರು ಸಂಕ್ರಾಂತಿ ಕಳೆದ ಮೇಲೆ ಬರ್ತಾರಂತೆ.